ಚಲನನಿಯಮಕ್ಕೆ ಸಮೀಕರಣದ ರೂಪವಿತ್ತ ಆಯ್ಲರ್

ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧವೆಂದು ಕಲಿತ ಪ್ರೌಢಶಾಲಾ ವಿದ್ಯಾರ್ಥಿಯು ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆಯ ಲೆಕ್ಕವನ್ನು ನಿರಾಯಾಸವಾಗಿ ಬಿಡಿಸುತ್ತಾನೆ. ನಿಯಮವು ನ್ಯೂಟನ್ನನದೇ, ದಿಟ. ಆದರೆ 1687ರ 'ಪ್ರಿನ್ಸಿಪಿಯ' ಗ್ರಂಥದಲ್ಲಿ ಅದು ಈ ಸಮೀಕರಣದ ರೂಪದಲ್ಲಿಲ್ಲ. ಅಲ್ಲಿಯ ಸಾಧನೆಗಳು ಬಹುಮಟ್ಟಿಗೆ ರೇಖಾಗಣಿತದವು. ಒಂದೊಂದು ಪ್ರಶ್ನೆಗೂ ಹೊಸ ಚಿತ್ರ, ಹೊಸ ಜಾಣ್ಮೆ ಬೇಕು. ಸಾಮಾನ್ಯನೂ ನಡೆಯಬಲ್ಲ ದಾರಿಯನ್ನು ನಿರ್ಮಿಸಿದವರಲ್ಲಿ ಲಿಯೊನಾರ್ಡ್ ಆಯ್ಲರನು ಅಗ್ರಗಣ್ಯನು.

1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಈತನ ಜನನ. ತಂದೆ ಕ್ರೈಸ್ತ ಧರ್ಮೋಪದೇಶಕ. ಮಗನೂ ಅದೇ ವೃತ್ತಿಯನ್ನು ಹಿಡಿಯಲೆಂಬುದು ಆತನ ಅಭಿಲಾಷೆ. ಗಣಿತಜ್ಞ ಯೋಹಾನ್ ಬೆರ್ನೂಲಿಯು ಶನಿವಾರದ ಅಪರಾಹ್ನಗಳಲ್ಲಿ ಹುಡುಗನ ಸಂದೇಹಗಳನ್ನು ಪರಿಹರಿಸಿದುದಲ್ಲದೆ ತಂದೆಯ ಮನಸ್ಸನ್ನೂ ಒಲಿಸಿದನು. ಇಂತಹ ಗುರು ದೊರೆಯದಿದ್ದರೆ ಗಣಿತಕ್ಕಾಗುತ್ತಿದ್ದ ನಷ್ಟವನ್ನು ಊಹಿಸುವುದೂ ಕಷ್ಟ.

1727ರಲ್ಲಿ ಆಯ್ಲರನು ಸೇಂಟ್ ಪೀಟರ್ಸ್‌ಬರ್ಗಿಗೆ ತೆರಳಿದನು. 1736ರಲ್ಲಿ ಪ್ರಕಟವಾದ ಆತನ 'ಮೆಕ್ಯಾನಿಕ' ಗ್ರಂಥವು ಚಲನಶಾಸ್ತ್ರವನ್ನು ಕಲನಗಣಿತದ ಭಾಷೆಯಲ್ಲಿ ನಿರೂಪಿಸಿತು. 1741ರಲ್ಲಿ ಬರ್ಲಿನ್ನಿಗೆ ಬಂದ ಮೇಲೆ, 1750ರಲ್ಲಿ ಅಲ್ಲಿಯ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದಲ್ಲಿ, ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿ ಬಲವನ್ನು ವಿಭಜಿಸಿ ಒಂದೊಂದಕ್ಕೂ ಒಂದು ಸಮೀಕರಣವನ್ನು ಬರೆದನು. ಇಂದಿನ ತರಗತಿಗಳ ಪದ್ಧತಿಗೆ ಇದೇ ತಳಹದಿ.

ಆತನ ದೃಷ್ಟಿ ಗ್ರಹಗಳಲ್ಲಿಯೇ ನೆಟ್ಟಿರಲಿಲ್ಲ. ಹಲಗೆಯೊಂದರ ಮೇಲೆ ದಿಮ್ಮಿಯನ್ನಿರಿಸಿ ಹಲಗೆಯ ಒಂದು ತುದಿಯನ್ನು ಮೆಲ್ಲಮೆಲ್ಲನೆ ಎತ್ತಿದರೆ, ಒಂದು ಕೋನದಲ್ಲಿ ದಿಮ್ಮಿ ಜಾರತೊಡಗುತ್ತದೆ. ನಿಂತಿರುವಾಗಿನ ಘರ್ಷಣೆಯೇ ಚಲಿಸುವಾಗಲೂ ಉಳಿಯುವುದಾದರೆ, ಆ ಕೋನದಲ್ಲಿ ಎರಡು ಬಲಗಳೂ ಸರಿಸಮವಾಗಿ ದಿಮ್ಮಿಯು ಅತಿ ನಿಧಾನವಾಗಿ ಸರಿಯಬೇಕು. ಆದರೆ ಅದು ವೇಗವನ್ನು ಪಡೆಯುತ್ತ ಸರ್ರನೆ ಇಳಿಯುತ್ತದೆ. ಆದುದರಿಂದ ಚಲಿಸುವ ವಸ್ತುವಿನ ಘರ್ಷಣೆ ಕಡಿಮೆಯೆಂದು ಆಯ್ಲರನು ನಿರ್ಣಯಿಸಿದನು. ಭಾರದ ಪೆಟ್ಟಿಗೆಯನ್ನು ನೂಕಿದವರೆಲ್ಲರೂ ಬಲ್ಲ ಸಂಗತಿಯಿದು: ಕದಲಿಸುವುದೇ ಕಷ್ಟ, ಕದಲಿದ ಮೇಲೆ ಸಲೀಸು.

ಬಲಗಣ್ಣಿನ ದೃಷ್ಟಿ ಯೌವನದಲ್ಲಿಯೇ ಕುಂದಿತ್ತು. 1766ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಮರಳಿದ ಬಳಿಕ ಎಡಗಣ್ಣಿಗೂ ಪೊರೆ ಬಂದಿತು. ಶಸ್ತ್ರಚಿಕಿತ್ಸೆ ಶಾಶ್ವತ ಫಲ ನೀಡಲಿಲ್ಲ. ಆದರೂ ಬರವಣಿಗೆ ನಿಲ್ಲಲಿಲ್ಲ. ಬೀಜಗಣಿತದ ಪಾಠಗ್ರಂಥವನ್ನು ಗಣಿತವರಿಯದ, ಹಿಂದೆ ದರ್ಜಿ ಕೆಲಸ ಕಲಿತಿದ್ದ ಯುವಕನೊಬ್ಬನಿಗೆ ಹೇಳಿ ಬರೆಯಿಸಿದನು. ಬರೆಯುತ್ತ ಬರೆಯುತ್ತ ಆ ಯುವಕನೇ ಬೀಜಗಣಿತವನ್ನು ಕಲಿತನು.

1783ರಲ್ಲಿ ಫ್ರಾನ್ಸಿನ ಮಾಂಗಾಲ್ಫಿಯೆ ಸೋದರರು ಬೆಲೂನನ್ನು ಹಾರಿಸಿದರು. ಅದು ಮೇಲೇರುವ ಚಲನೆಯನ್ನು ಆಯ್ಲರನು ಕೂಡಲೇ ಗಣಿಸತೊಡಗಿದನು. ಆ ವರ್ಷದ ಸೆಪ್ಟೆಂಬರ್ 18ರಂದು ಆತನು ನಿಧನನಾದಾಗ ಆ ಲೆಕ್ಕ ಕಲ್ಲುಹಲಗೆಯ ಮೇಲಿತ್ತು. ಮುಂದೆ ಅದನ್ನು ಅಚ್ಚು ಹಾಕಿಸಲಾಯಿತು.