ಕೈ ಎತ್ತಿದ ಸದನ, ಕೈಬಿಟ್ಟ ಸದನ

1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಾದ್ಯಂತ ಕಾಂಗ್ರೆಸ್ ಧೂಳೀಪಟವಾದಾಗಲೂ ಕರ್ನಾಟಕದ 28 ಸ್ಥಾನಗಳ ಪೈಕಿ 26 ಅದರ ಪಾಲಾದವು. ಕೈತಪ್ಪಿದ ಎರಡರಲ್ಲಿ ಒಂದು ಹಾಸನ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಈ ಸೀಮೆ ಮುಖ್ಯಮಂತ್ರಿ ದೇವರಾಜ ಅರಸು ಅವರಿಗೆ ಸುಲಭವಾಗಿ ಒಲಿದದ್ದಲ್ಲ. ಅವರ ಮೊದಲ ಅವಧಿಯಲ್ಲಿ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದವರೂ ಹೊಳೆನರಸೀಪುರದ ಶಾಸಕ ಎಚ್.ಡಿ. ದೇವೇಗೌಡರೇ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಹುಟ್ಟಿದ್ದು 1915ರಲ್ಲಿ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ವಿಧಾನಸಭೆ ಪ್ರವೇಶಿಸಿದರು. ಸಂಖ್ಯಾಬಲವುಳ್ಳ ಜಾತಿಯ ಬೆಂಬಲ ಅವರಿಗಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಬಹುಪಾಲು ಶಾಸಕರು ನಿಜಲಿಂಗಪ್ಪ ಹಾಗೂ ವೀರೇಂದ್ರ ಪಾಟೀಲರ ಜತೆ ಉಳಿದರೆ, ಅರಸು ಇಂದಿರಾ ಗಾಂಧಿಯವರ ಪಾಳಯ ಸೇರಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಎಲ್ಲ 27 ಸ್ಥಾನಗಳೂ ಇಂದಿರಾ ಬಣಕ್ಕೆ ಸಂದವು. ವಿಧಾನಸಭೆಗೆ ಚುನಾವಣೆಯೇ ನಡೆದಿರಲಿಲ್ಲ. ಆದರೂ ಮುಂದಿನ ಚುನಾವಣೆಯ ಭಯಕ್ಕೆ ಶಾಸಕರು ಸಾಲುಸಾಲಾಗಿ ಪಕ್ಷ ಬಿಟ್ಟರು. ಪಾಟೀಲರ ಸರ್ಕಾರ ಕುಸಿಯಿತು.

1972ರಲ್ಲಿ 165 ಸ್ಥಾನಗಳೊಡನೆ ಅರಸು ಮುಖ್ಯಮಂತ್ರಿಯಾದರು. ಸಣ್ಣಪುಟ್ಟ ಸಮುದಾಯಗಳ ಹಲವು ಹೊಸಬರಿಗೆ ಟಿಕೆಟ್ ದೊರೆತದ್ದು ಆ ಚುನಾವಣೆಯಲ್ಲಿ. ಆ ಹಂಚಿಕೆಯ ಫಲ ಭೂಸುಧಾರಣಾ ತಿದ್ದುಪಡಿ ಮಸೂದೆಯ ಸಂದರ್ಭದಲ್ಲಿ ಕಂಡಿತು. ಗೇಣಿ ಪದ್ಧತಿಯನ್ನು ರದ್ದುಗೊಳಿಸಿ, ಗೇಣಿ ಜಮೀನನ್ನೆಲ್ಲ ಸರ್ಕಾರಕ್ಕೆ ವಹಿಸಿಕೊಂಡು ಉಳುವವನಿಗೆ ನೀಡುವ ಆ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಸದನದಲ್ಲಿ ಜಮೀನುದಾರ ಮನೆತನದವರಿಗೇನೂ ಕೊರತೆಯಿರಲಿಲ್ಲ. ಆದರೆ ಕರಾವಳಿಯಂಥ ಕಡೆ ಒಬ್ಬ ಧಣಿಯ ಹಿಂದೆ ಹತ್ತಾರು ಒಕ್ಕಲು ಮನೆಗಳ ಮತಗಳಿದ್ದವು. ಮಸೂದೆಯನ್ನು ಎದುರಿಸಿ ಕ್ಷೇತ್ರಕ್ಕೆ ಹಿಂದಿರುಗುವುದು ಕಷ್ಟವಿತ್ತು.

ಹಾಸನದ ಬಯಲು ತಾಲ್ಲೂಕುಗಳ ಲೆಕ್ಕವೇ ಬೇರೆ. ಅಲ್ಲಿ ಸ್ವಂತ ಜಮೀನು ಉಳುವ ಒಕ್ಕಲಿಗರೇ ಹೆಚ್ಚು, ಗೇಣಿದಾರರು ಕಡಿಮೆ. ಕಾಯ್ದೆಯಿಂದ ಕೃತಜ್ಞರಾಗುವ ಮತದಾರರು ಅಲ್ಲಿ ವಿರಳ. ಜಿಲ್ಲೆಯ ಮಲೆನಾಡಿನ ಕಾಫಿ ತೋಟಗಳಿಗಂತೂ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಪ್ರಭಾವಿಗಳ ಒತ್ತಡ ಸದನದ ಮತದಲ್ಲಿ ಕಾಣದಿದ್ದರೂ ಮಸೂದೆಯ ಕಲಮುಗಳಲ್ಲಿ ಕಾಣುವುದುಂಟು. ಅರಸು ಇದನ್ನು ಅರಿಯದವರಲ್ಲ. ಬಹುಮತ ಕೂಡಿಸಲು ತೆತ್ತ ಬೆಲೆಯೆಂದೇ ಅದನ್ನು ಎಣಿಸಬೇಕು.

1978ರ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 149 ಸ್ಥಾನ ಗೆದ್ದು, ಅರಸು ಮತ್ತೆ ಮುಖ್ಯಮಂತ್ರಿಯಾದರು. ಮರುವರ್ಷ ಇಂದಿರಾ ಅವರೊಡನೆ ವೈಮನಸ್ಯ ಉಂಟಾಗಿ ಪಕ್ಷದಿಂದ ಹೊರಬಿದ್ದಾಗ ಬಹುಪಾಲು ಶಾಸಕರು ಅವರ ಬೆನ್ನಿಗೇ ನಿಂತರು. ಅಧಿಕಾರ ಅವರ ಕೈಯಲ್ಲಿತ್ತು, ಚುನಾವಣೆ ದೂರವಿತ್ತು. 1980ರ ಜನವರಿಯಲ್ಲಿ ಲೋಕಸಭಾ ಫಲಿತಾಂಶ ಹೊರಬಂತು: 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ. ಅರಸು ಪಕ್ಷಕ್ಕೆ ಒಂದೂ ಇಲ್ಲ. ಹಿಂದಿನ ಬಾರಿ ಜನತಾ ಪಕ್ಷವನ್ನು ಗೆಲ್ಲಿಸಿದ್ದ ಹಾಸನವೂ ಈ ಸಲ ಇಂದಿರಾ ಕಾಂಗ್ರೆಸ್ಸಿನ ಎಚ್.ಎನ್. ನಂಜೇಗೌಡರನ್ನು ಆರಿಸಿತು. ಕೆಲವೇ ದಿನಗಳಲ್ಲಿ ಶಾಸಕರು ಅತ್ತ ಹೊರಳಿದರು. ಅರಸು ರಾಜೀನಾಮೆ ನೀಡಿದರು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. 1971ರಲ್ಲಿ ಅರಸು ಅವರಿಗೆ ದಾರಿ ಮಾಡಿಕೊಟ್ಟ ಗಾಳಿಯೇ ಒಂಬತ್ತು ವರ್ಷಗಳ ಬಳಿಕ ಅವರ ಎದುರು ಬೀಸಿತ್ತು.

ಅರಸು 1982ರ ಜೂನ್ 6ರಂದು ನಿಧನರಾದರು. ಪಕ್ಷಾಂತರ ನಿಷೇಧಕ್ಕೆ ಸಂವಿಧಾನದ ತಿದ್ದುಪಡಿಯಾದದ್ದು 1985ರಲ್ಲಿ. ಮೂರನೆಯ ಒಂದು ಭಾಗ ಶಾಸಕರು ಒಟ್ಟಾಗಿ ಹೊರನಡೆದರೆ ಅದನ್ನು ಪಕ್ಷದ ಒಡಕೆಂದು ಮನ್ನಿಸುವ ಅವಕಾಶ ಅದರಲ್ಲಿಯೂ ಇತ್ತು. ಅದನ್ನು ತೆಗೆದುಹಾಕಿದ್ದು 2003ರ ತಿದ್ದುಪಡಿ.