ನಿಶ್ಶಬ್ದವನ್ನೇ ಆಯುಧವಾಗಿಸಿಕೊಂಡ ಕೆನೆತ್ ಆಂಡರ್ಸನ್

ದಕ್ಷಿಣ ಭಾರತದ ನರಭಕ್ಷಕ ಹುಲಿ, ಚಿರತೆಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಕೆನೆತ್ ಆಂಡರ್ಸನ್. ಕುಮಾಂವ್ ಬೆಟ್ಟಗಳಿಗೆ ಜಿಮ್ ಕಾರ್ಬೆಟ್ ಹೇಗೋ, ಮೈಸೂರು ಸೀಮೆಯ ಕಾಡುಗಳಿಗೆ ಆಂಡರ್ಸನ್ ಹಾಗೆ. ತುಮಕೂರಿನ ನೆರೆಯ ದೇವರಾಯನದುರ್ಗವು 1954ರಲ್ಲಿ ಲಂಡನ್ನಿನಿಂದ ಪ್ರಕಟವಾದ ಅವರ ಮೊದಲ ಪುಸ್ತಕದಲ್ಲಿಯೇ ಒಂದು ಅಧ್ಯಾಯದ ಶೀರ್ಷಿಕೆಯಾಗಿ ಸ್ಥಾನ ಪಡೆಯಿತು.

ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಬಳಿಯ ಬೊಲಾರಂನಲ್ಲಿ. ಅವರದು ಹಲವು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ. ತಂದೆ ಸೇನೆಯ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಓದಿದ ಆಂಡರ್ಸನ್, ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲಸ ಮಾಡಿ, ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆ ಸೇರಿದರು. ಬೇಟೆ ಅವರ ವೃತ್ತಿಯಾಗಿರಲಿಲ್ಲ. ರಜೆಯ ದಿನಗಳಲ್ಲಿ ಹಳೆಯ ಸ್ಟುಡ್‌ಬೇಕರ್ ಕಾರಿನಲ್ಲಿ ಕಾಡಿನ ಹಾದಿ ಹಿಡಿಯುತ್ತಿದ್ದ ನೌಕರ ಅವರು. ಕನ್ನಡ, ತಮಿಳುಗಳನ್ನು ಸರಾಗವಾಗಿ ಆಡುತ್ತಿದ್ದುದರಿಂದ ದನಗಾಹಿಗಳು, ಕಾಡಿನ ವಾಸಿಗಳು ಅವರಿಗೆ ಮಾಹಿತಿದಾರರಷ್ಟೇ ಅಲ್ಲ, ಗೆಳೆಯರೂ ಆದರು. 1939ರಿಂದ 1966ರವರೆಗಿನ ಸರ್ಕಾರಿ ದಾಖಲೆಗಳ ಪ್ರಕಾರ ಅವರು ಕೊಂದ ನರಭಕ್ಷಕಗಳಲ್ಲಿ 8 ಚಿರತೆಗಳೂ 7 ಹುಲಿಗಳೂ ಸೇರಿವೆ.

ಅವರ ನೆಚ್ಚಿನ ಬಂದೂಕು .405 ವಿಂಚೆಸ್ಟರ್, 1895ರ ಮಾದರಿಯದು. ಆದರೆ ಆಂಡರ್ಸನ್ ಬೇಟೆಯ ಕಥನಗಳನ್ನು ಓದಿದವರಿಗೆ ಬಂದೂಕಿಗಿಂತ ಹೆಚ್ಚಾಗಿ ನೆನಪುಳಿಯುವುದು ಅವುಗಳಲ್ಲಿನ ಮೌನ. ಚಿರತೆ, ಹುಲಿಗಳು ಬೇಟೆಗೆ ಬಹುಮಟ್ಟಿಗೆ ಅವಲಂಬಿಸುವುದು ಕಿವಿ ಮತ್ತು ಕಣ್ಣುಗಳನ್ನು. ಮರದ ಮೇಲಿನ ಮಚಾನಿನಲ್ಲಿ ಕುಳಿತವನು ಕಾಲು ಮಡಿಸಿದರೂ ಹಗ್ಗ ಕಿರುಗುಟ್ಟುತ್ತದೆ. ಮರೆಗೆಂದು ಕಟ್ಟಿದ ಸೊಪ್ಪು ಬಾಡಿದರೆ ಸೋಕಿದೊಡನೆ ಸರಸರ ಎನ್ನುತ್ತದೆ. ಬಂದೂಕಿನ ಕುದುರೆಯನ್ನು ಎಳೆಯುವ ಕಟಕ್ ಎಂಬ ಸದ್ದೊಂದೇ ಇಡೀ ರಾತ್ರಿಯ ಕಾಯುವಿಕೆಯನ್ನು ವ್ಯರ್ಥಗೊಳಿಸಬಲ್ಲದು. ಆದ್ದರಿಂದ ಸಿದ್ಧತೆಯೆಲ್ಲ ಕತ್ತಲಾಗುವ ಮುನ್ನವೇ ಮುಗಿಯಬೇಕು. ಆಮೇಲೆ ಉಳಿಯುವುದು ಆಲಿಸುವ ಕೆಲಸ ಮಾತ್ರ. ಕಡವೆಯ ಎಚ್ಚರಿಕೆಯ ಕೂಗು, ಮುಸುವದ ಕೆಮ್ಮು, ನವಿಲಿನ ಕೇಕೆ, ಇವುಗಳಿಂದಲೇ ಕಾಣದ ಪ್ರಾಣಿಯ ದಾರಿಯನ್ನು ಗುರುತಿಸುವುದು ಆಂಡರ್ಸನ್ ಅವರ ನಿಜವಾದ ವಿದ್ಯೆಯಾಗಿತ್ತು.

ಈ ವಿದ್ಯೆ ಬಂದೂಕಿಗಿಂತ ಬಹಳ ಹಳೆಯದು, ಬಿಲ್ಲುಗಾರರಿಂದ ಬಂದದ್ದು. ಆಂಡರ್ಸನ್ ಓಡಾಡಿದ ಆಂಧ್ರದ ನಲ್ಲಮಲ ಕಾಡುಗಳ ಚೆಂಚುಗಳು ಬಿಲ್ಲುಬಾಣಕ್ಕೆ ಹೆಸರಾದವರು. ಬಂದೂಕಿನ ಬೇಟೆಗಾರ ಗುಂಡು ಹಾರುವ ತನಕ ಸದ್ದಡಗಿಸಿದರೆ ಸಾಕು. ಅವರ ಬಂದೂಕಿನ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ, ಅಂದರೆ ಶಬ್ದದ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಹೊರಡುತ್ತದೆ. ಸದ್ದು ತಲುಪುವ ಮೊದಲೇ ಗುಂಡು ತಲುಪಿರುತ್ತದೆ. ಬಿಲ್ಲುಗಾರನಿಗೆ ಆ ಅನುಕೂಲವಿಲ್ಲ. ಸೆಕೆಂಡಿಗೆ 55 ಮೀಟರ್ ಸಾಗುವ ಬಾಣ 20 ಮೀಟರ್ ದೂರದ ಜಿಂಕೆಯನ್ನು ಮುಟ್ಟುವ ಹೊತ್ತಿಗೆ, ಹೆದೆಯ ಸದ್ದು ಅದರ ಕಿವಿಗೆ ಬಿದ್ದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಸಮಯ ಕಳೆದಿರುತ್ತದೆ. ಮೈ ಕುಗ್ಗಿಸಿ ನೆಗೆಯಲು ಜಿಂಕೆಗೆ ಅಷ್ಟು ಸಾಕು. ಗುರಿ ತಪ್ಪಿದ ಬಾಣ ಕೊಲ್ಲುವ ಬದಲು ಗಾಯಗೊಳಿಸುತ್ತದೆ.

ತುದಿಗಳು ಹೊರಕ್ಕೆ ಬಾಗಿದ ಬಿಲ್ಲುಗಳಲ್ಲಿ ಹೆದೆ ಆ ತುದಿಗಳಿಗೆ ಬಡಿಯುವುದರಿಂದ ಸದ್ದು ಇನ್ನಷ್ಟು ಹೆಚ್ಚು. ಇದಕ್ಕೆ ಹೆದೆಗೆ ಉಣ್ಣೆ ಅಥವಾ ತುಪ್ಪಳದ ಕುಚ್ಚು ಕಟ್ಟುವುದು, ಹೆದೆಯನ್ನು ಹುರಿಮಾಡಿ ಬಿಲ್ಲಿನಿಂದ ಅದರ ಅಂತರವನ್ನು ಹೊಂದಿಸುವುದು, ಬಾಣ ತಾಗುವಲ್ಲಿ ಮೆತ್ತನೆಯ ಬಟ್ಟೆ ಅಂಟಿಸುವುದು, ತೂಕದ ಬಾಣ ಬಳಸುವುದು ಬಿಲ್ಲುಗಾರರು ಕಂಡುಕೊಂಡ ಉಪಾಯಗಳು. ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಹೆಚ್ಚು ಹೀರಿಕೊಳ್ಳುತ್ತದೆ; ಹೆದೆಯಲ್ಲಿ ಕಂಪನವಾಗಿ ಉಳಿಯುವ ಪಾಲು ಕಡಿಮೆಯಾಗುತ್ತದೆ.

ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಏನಾಗುತ್ತದೆ ಎಂಬುದನ್ನು ಆಂಡರ್ಸನ್ ಚೆನ್ನಾಗಿ ಬಲ್ಲವರಾಗಿದ್ದರು. ಹುಲಿ, ಚಿರತೆಗಳು ಮನುಷ್ಯನ ಮೇಲೆ ಬೀಳಲು ಹಲವು ವೇಳೆ ಮನುಷ್ಯನೇ ಕಾರಣ ಎಂಬುದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ತಿಳಿವಳಿಕೆ. ಅರೆಬರೆ ಹೊಡೆದ ಗುಂಡು, ಮುಳ್ಳುಹಂದಿಯ ಮುಳ್ಳು ಅಥವಾ ಮುಪ್ಪಿನಿಂದ ಸಹಜ ಬೇಟೆಯಾಡಲಾಗದ ಪ್ರಾಣಿ ಸುಲಭದ ತುತ್ತಿನತ್ತ ತಿರುಗುತ್ತದೆ. ಆದ್ದರಿಂದಲೇ ಸದ್ದಿಲ್ಲದ ಕಾಯುವಿಕೆ ಮತ್ತು ಒಂದೇ ಗುಂಡಿನ ಖಚಿತತೆ ಬೇಟೆಗಾರನ ಶೋಕಿಯಲ್ಲ, ಹೊಣೆ.

ವಯಸ್ಸಾದಂತೆ ಅವರ ಒಲವು ಕೊಲ್ಲುವುದಕ್ಕಿಂತ ನೋಡುವುದರ ಕಡೆಗೆ ಹೊರಳಿತು. ಕಾಡಿನ ಅಳಿವನ್ನು ಕುರಿತು ಕಳವಳದಿಂದ ಬರೆದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ, ಹುಲಿ ಯೋಜನೆ 1973ರಲ್ಲಿ ಬಂದವು. 1974ರ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ನಿಧನರಾದರು. ಅವರ ಕಥನಗಳನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕತೆಗಳು ಮಾಲಿಕೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಜಾಲಹಳ್ಳಿ, ಮಾಗಡಿಗಳ ಚಿರತೆಗಳು ಕನ್ನಡಿಗರ ಮನೆಮಾತಾದವು.

ಆ ಕತೆಗಳು ಹಳೆಯವೆಂದು ತಳ್ಳಿಹಾಕುವಂತಿಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಬಲಿಯಾದರು. ಅರಣ್ಯ ಇಲಾಖೆ ಬೋನುಗಳನ್ನಿಟ್ಟು, ಕ್ಯಾಮೆರಾಗಳನ್ನು ಅಳವಡಿಸಿ ಹುಡುಕಾಟ ನಡೆಸಿತು. ಬಂದೂಕಾಗಲಿ ಬಿಲ್ಲಾಗಲಿ, ಖಾಸಗಿ ಬೇಟೆಗೆ ಇಂದು ಕಾನೂನಿನಲ್ಲಿ ಅವಕಾಶವಿಲ್ಲ. ಜನರ ಪ್ರಾಣಕ್ಕೆ ಕುತ್ತಾದ ಪ್ರಾಣಿಯನ್ನು ಹಿಡಿಯಲಾಗದಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲಲು ಆದೇಶಿಸಬಹುದು. ಆದರೂ ಸಿಬ್ಬಂದಿ ಮಾಡಬೇಕಾದ ಮೊದಲ ಕೆಲಸ ಆಂಡರ್ಸನ್ ಕಾಲದಲ್ಲಿದ್ದದ್ದೇ: ಹೆಜ್ಜೆ ಗುರುತಿಸಿ, ಜನರನ್ನು ಗದ್ದಲದಿಂದ ದೂರವಿಟ್ಟು, ದಾಳಿ ಮಾಡಿದ ಪ್ರಾಣಿ ಯಾವುದೆಂದು ಖಚಿತಪಡಿಸಿಕೊಳ್ಳುವುದು. ಇಲ್ಲವಾದರೆ ಬೋನಿಗೆ ಬೀಳುವುದು ತಪ್ಪು ಮಾಡದ ಇನ್ನೊಂದು ಚಿರತೆ.