ಮೆರಿಲ್ ಮತ್ತು ಸಂಬಳದ ದಲ್ಲಾಳಿಗಳು

ಷೇರು ದಲ್ಲಾಳಿಯ ಕೆಲಸವೇನು? ಗ್ರಾಹಕ ಕೇಳಿದ ಷೇರನ್ನು ಕೊಂಡುಕೊಡುವುದಷ್ಟೆಯೇ ಅಥವಾ ಅದನ್ನು ಕೊಳ್ಳಬೇಕೇ ಬೇಡವೇ ಎಂಬ ತಿಳಿವಳಿಕೆಯನ್ನೂ ನೀಡುವುದೇ? ಎರಡನೆಯದೇ ಸರಿ ಎಂದು ನಂಬಿ, ಅದರ ಮೇಲೆ ಬೃಹತ್ ಉದ್ಯಮವನ್ನೇ ಕಟ್ಟಿದವರು ಅಮೆರಿಕದ ಚಾರ್ಲ್ಸ್ ಮೆರಿಲ್.

1885ರಲ್ಲಿ ಫ್ಲಾರಿಡಾದ ಸಣ್ಣ ಊರೊಂದರಲ್ಲಿ ವೈದ್ಯರ ಮಗನಾಗಿ ಜನಿಸಿದ ಮೆರಿಲ್, ಕಾಲೇಜು ಓದನ್ನು ಅರ್ಧಕ್ಕೇ ಬಿಟ್ಟು ನ್ಯೂಯಾರ್ಕ್ ಸೇರಿದರು. 1914ರಲ್ಲಿ ಸ್ವಂತ ಸಂಸ್ಥೆ ತೆರೆದರು. ಮರುವರ್ಷ ಗೆಳೆಯ ಎಡ್ಮಂಡ್ ಲಿಂಚ್ ಅವರ ಹೆಸರೂ ಅದಕ್ಕೆ ಸೇರಿತು. ಸರಣಿ ಅಂಗಡಿಗಳಿಗೆ ಬಂಡವಾಳ ಹೊಂದಿಸಿಕೊಟ್ಟು ಅವರು ಶ್ರೀಮಂತರಾದರು.

1928ರ ಮಾರ್ಚ್‌ನಲ್ಲಿ ಷೇರುಪೇಟೆ ಏರುಮುಖದಲ್ಲಿದ್ದಾಗ ಮೆರಿಲ್ ತಮ್ಮ ಗ್ರಾಹಕರಿಗೆ ಪತ್ರ ಬರೆದು, ಸಾಲದ ಹಣದಲ್ಲಿ ಷೇರು ಕೊಂಡವರು ಋಣಮುಕ್ತರಾಗುವಂತೆ ಸಲಹೆ ನೀಡಿದರು. ವಹಿವಾಟು ಹೆಚ್ಚಿದಷ್ಟೂ ದಲ್ಲಾಳಿಗೆ ಲಾಭ. ಗ್ರಾಹಕನ ಸಾಲದಿಂದ ಬಡ್ಡಿಯೂ ಬರುತ್ತದೆ. ತಮ್ಮ ಗಳಿಕೆಗೇ ಕತ್ತರಿ ಹಾಕುವ ಈ ಸಲಹೆಗೆ ಎಲ್ಲರೂ ಕಿವಿಗೊಡಲಿಲ್ಲ. 1929ರ ಅಕ್ಟೋಬರ್‌ನಲ್ಲಿ ಪೇಟೆ ಕುಸಿಯಿತು. ಮರುವರ್ಷ ಮೆರಿಲ್ ದಲ್ಲಾಳಿ ವ್ಯವಹಾರವನ್ನು ಬೇರೊಂದು ಸಂಸ್ಥೆಗೆ ವಹಿಸಿ ದೂರ ಸರಿದರು.

ಹತ್ತು ವರ್ಷಗಳ ಬಳಿಕ, 1940ರಲ್ಲಿ, ಅವರು ಮರಳಿ ಬಂದಾಗ ಜನಸಾಮಾನ್ಯರು ಷೇರುಪೇಟೆಯ ಮೇಲಿನ ವಿಶ್ವಾಸವನ್ನೇ ಕಳೆದುಕೊಂಡಿದ್ದರು. ಅದನ್ನು ಮರಳಿ ಗಳಿಸಲು ಮೆರಿಲ್ ಕೈಗೊಂಡ ಕ್ರಮ ಆ ಕಾಲಕ್ಕೆ ವಿಚಿತ್ರವೆನಿಸುವಂಥದ್ದು. ದಲ್ಲಾಳಿಗಳಿಗೆ ಕಮಿಷನ್ ಬದಲು ಸಂಬಳ ಗೊತ್ತುಮಾಡಿದರು. ಗ್ರಾಹಕನಿಂದ ಪದೇ ಪದೇ ಕೊಡುಕೊಳ್ಳುವಿಕೆ ಮಾಡಿಸುವ ಆಮಿಷ ಇದರಿಂದ ತಗ್ಗೀತು ಎಂಬುದು ಅವರ ಎಣಿಕೆ. ಕಂಪೆನಿಗಳ ಅಧ್ಯಯನ ವರದಿಗಳನ್ನು ಸಣ್ಣ ಹೂಡಿಕೆದಾರರಿಗೂ ಉಚಿತವಾಗಿ ಹಂಚಿದರು. 1948ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಇಡೀ ಪುಟದಲ್ಲಿ ಅವರ ಸಂಸ್ಥೆ ಪ್ರಕಟಿಸಿದ ಜಾಹೀರಾತು, ಷೇರು ಎಂದರೇನು ಎಂಬುದನ್ನು ಆರು ಸಾವಿರಕ್ಕೂ ಹೆಚ್ಚು ಪದಗಳಲ್ಲಿ ವಿವರಿಸುವ ಪಾಠವೇ ಆಗಿತ್ತು. ಹೃದ್ರೋಗದಿಂದ ಬಳಲುತ್ತ, ಕೊನೆಯ ವರ್ಷಗಳಲ್ಲಿ ಮನೆಯಿಂದಲೇ ಸಂಸ್ಥೆಯನ್ನು ನಡೆಸಿದ ಮೆರಿಲ್ 1956ರಲ್ಲಿ ನಿಧನರಾದರು. ಸಂಬಳದ ಪದ್ಧತಿಯನ್ನು ಅವರ ಸಂಸ್ಥೆ ಮುಂದೆ ಕೈಬಿಟ್ಟಿತು.

ಈ ಉದಾರತೆಯ ಹಿಂದೆ ಒಂದು ಅನುಕೂಲವೂ ಇತ್ತೆಂಬುದನ್ನು ಮರೆಯಬಾರದು. ಆಗ ಕಮಿಷನ್ ದರವನ್ನು ಷೇರು ವಿನಿಮಯ ಕೇಂದ್ರವೇ ನಿಗದಿಪಡಿಸುತ್ತಿತ್ತು. ದರದಲ್ಲಿ ಪೈಪೋಟಿಗೆ ಆಸ್ಪದವಿಲ್ಲದ್ದರಿಂದ ದಲ್ಲಾಳಿಗಳು ಸೇವೆಯಲ್ಲಿ ಪೈಪೋಟಿ ನಡೆಸಬೇಕಿತ್ತು. ಉಚಿತವೆನಿಸಿದ ಸಲಹೆಯ ಬೆಲೆ ಆ ಕಮಿಷನ್‌ನಲ್ಲೇ ಅಡಗಿತ್ತು. ಸಲಹೆ ಬೇಡದವನೂ ಅದನ್ನು ತೆರುತ್ತಿದ್ದ. 1975ರ ಮೇ 1ರಂದು ಅಮೆರಿಕದಲ್ಲಿ ನಿಗದಿತ ದರ ರದ್ದಾಯಿತು. ಚಾರ್ಲ್ಸ್ ಶ್ವಾಬ್ ಅಂಥವರು ಸಲಹೆಯನ್ನು ಬದಿಗಿಟ್ಟು, ವಹಿವಾಟನ್ನಷ್ಟೇ ಅಗ್ಗದ ದರಕ್ಕೆ ನಡೆಸಿಕೊಡತೊಡಗಿದರು. 2019ರಲ್ಲಿ ಶ್ವಾಬ್ ಸಂಸ್ಥೆ ಅಮೆರಿಕದ ಷೇರುಗಳ ಆನ್‌ಲೈನ್ ವಹಿವಾಟಿಗೆ ಕಮಿಷನ್ನನ್ನೇ ಕೈಬಿಟ್ಟಿತು.

ಭಾರತದಲ್ಲಿ ಇದೇ ಹಾದಿ ಹಿಡಿದ ಜೆರೋಧಾ 2010ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಮೊತ್ತದ ಶೇಕಡಾವಾರು ಕಮಿಷನ್ ತೆತ್ತು ಸೋತಿದ್ದ ಸಣ್ಣ ಹೂಡಿಕೆದಾರನಿಗೆ ಇದರಿಂದ ಉಳಿತಾಯವಾದದ್ದು ನಿಜ. ಆದರೆ 2021–22ರಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇ 89ರಷ್ಟು ಮಂದಿ ನಷ್ಟ ಅನುಭವಿಸಿದರೆಂದು ಸೆಬಿ ಅಧ್ಯಯನ 2023ರಲ್ಲಿ ತಿಳಿಸಿತು. ಅಗ್ಗದ ದರವೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೂ, ಮೊಬೈಲ್ ತೆರೆಯ ಮುಂದೆ ಒಬ್ಬನೇ ಕುಳಿತವನಿಗೆ 1928ರಲ್ಲಿ ಮೆರಿಲ್ ಬರೆದಂಥ ಪತ್ರವನ್ನು ಈಗ ಯಾರು ಬರೆಯಬೇಕು, ಅದಕ್ಕೆ ಸಂಬಳ ಯಾರು ಕೊಡಬೇಕು?